ಹರೆಯದ ಮುಧೋಳ: ಓಟಕ್ಕಿಂತ ಮೊದಲು ನಿದ್ದೆ

ಮರಿಯಾಗಿ ಮನೆಗೆ ಬಂದ ಮುಧೋಳ ನಾಯಿ ನಾಲ್ಕೈದು ತಿಂಗಳವರೆಗೆ ಸಾಕಿದವರ ಬೆನ್ನು ಬಿಡುವುದಿಲ್ಲ. ಕರೆದರೆ ಓಡಿ ಬರುತ್ತದೆ, ಕೂರು ಅಂದರೆ ಕೂರುತ್ತದೆ. ಏಳೆಂಟು ತಿಂಗಳು ತುಂಬುವ ಹೊತ್ತಿಗೆ ಅದೇ ನಾಯಿ ಬೇರೆಯೇ ಆಗಿರುತ್ತದೆ. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಅಳಿಲು ಕಂಡರೆ ರಟ್ಟೆ ಕಿತ್ತುಬರುವಂತೆ ಜಗ್ಗುತ್ತದೆ. ಕರೆಗಂಟೆ ಸದ್ದಾದರೆ ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ಬಾಲ್ಕನಿಗೆ ಹಾರಾಟ. ಸಂಜೆ ಏಳರ ಸುಮಾರಿಗೆ ಕಾರಣವೇ ಇಲ್ಲದಂತೆ ಮನೆತುಂಬ ಸುತ್ತು ಹೊಡೆದು, ಪಂಚೆಯ ಅಂಚನ್ನೋ ಚೂಡಿದಾರದ ವೇಲನ್ನೋ ಕಚ್ಚಿ ಎಳೆದಾಡುತ್ತದೆ.

ಆಗ ಅಕ್ಕಪಕ್ಕದವರಿಂದ, ವಾಕಿಂಗ್‌ನಲ್ಲಿ ಸಿಕ್ಕವರಿಂದ ಬರುವ ಸಲಹೆ ಒಂದೇ: "ಬೇಟೆ ನಾಯಿ ಅಲ್ವಾ ಸಾರ್, ಓಡಿಸಿ ಓಡಿಸಿ ಸುಸ್ತು ಮಾಡಿ, ತಾನಾಗೇ ಸರಿಹೋಗುತ್ತೆ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಎಷ್ಟೋ ಮನೆಗಳಲ್ಲಿ ನಾಯಿಯನ್ನು ಇನ್ನಷ್ಟು ಕೆಡಿಸುತ್ತಿದೆ. ಬೇಗ ಕೆರಳುವ ನಾಯಿ ಹರೆಯದಲ್ಲಿ ಮೊದಲು ಕಲಿಯಬೇಕಾದದ್ದು ಸುಮ್ಮನಿರುವುದನ್ನು. ಅದನ್ನು ಮೈದಾನದಲ್ಲಿ ಓಡಿಸಿ ಕಲಿಸಲಾಗದು.

ಕಣ್ಣಿನಿಂದ ಬೇಟೆಯಾಡುವ ತಳಿ

ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ತಳಿ ಇದು. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟದ್ದರಿಂದ ಇದರ ಹೆಸರು ಹೊರಗಿನವರಿಗೆ ತಿಳಿಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋಯಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದಕ್ಕಾಗಿ ಒಂದು ಸಂಶೋಧನಾ ಕೇಂದ್ರವನ್ನೇ ನಡೆಸುತ್ತಿದೆ. ಇಷ್ಟು ಹೆಸರು ಬಂದ ಮೇಲೆ ಬೆಂಗಳೂರು, ಹುಬ್ಬಳ್ಳಿಗಳ ಎರಡು ಕೋಣೆಯ ಫ್ಲ್ಯಾಟುಗಳಿಗೂ ಅದು ಬಂದು ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಮುಧೋಳ ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ನಾಯಿ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನೋಟದ ಜೀವಕೋಶಗಳು ಅಡ್ಡಪಟ್ಟಿಯಂತೆ ದಟ್ಟವಾಗಿ ಹರಡಿರುತ್ತವೆ. ಬಯಲುಸೀಮೆಯ ಎರೆಹೊಲದಲ್ಲಿ ದೂರದ ದಿಗಂತದ ಮೇಲೆ ಏನೇ ಕದಲಿದರೂ ಗುರುತಿಸಲು ಹೇಳಿಮಾಡಿಸಿದ ಕಣ್ಣು. ಹೊಲದಲ್ಲಿ ಇದರ ದಿನಚರಿಯೂ ಅದಕ್ಕೆ ತಕ್ಕಂತಿತ್ತು: ಬಹುಪಾಲು ಹೊತ್ತು ನೆರಳಲ್ಲಿ ಬಿದ್ದುಕೊಂಡಿರುವುದು, ಮೊಲ ಎದ್ದಾಗ ಸ್ವಲ್ಪ ಹೊತ್ತು ಜೀವ ಬಿಟ್ಟು ಓಡುವುದು, ಮತ್ತೆ ಬಂದು ಮಲಗುವುದು. ಮೊಲದ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆ ಹಾಕಿದೆ. ಆ ಸುದ್ದಿ ನಾಯಿಯ ಕಣ್ಣಿಗೆ ಇನ್ನೂ ಮುಟ್ಟಿಲ್ಲ. ಹೀಗಾಗಿ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತ ಮುಧೋಳಕ್ಕೆ ಕೆಳಗೆ ಹೋಗುವ ಪ್ರತಿ ಸ್ಕೂಟರೂ, ಪ್ರತಿ ಬೆಕ್ಕೂ, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲವೂ ಎದ್ದು ಓಡುವ ಮೊಲವೇ.

ಹರೆಯ ಎಂಬುದು ನೆಪವಲ್ಲ

ನಾಯಿಗಳ ಹರೆಯ ಸುಮಾರು ಆರನೆಯ ತಿಂಗಳಿಗೆ ಶುರುವಾಗಿ ಒಂದೂವರೆ, ಎರಡು ವರ್ಷದವರೆಗೂ ನಡೆಯುತ್ತದೆ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಗಾರರು ಅಂಧರಿಗೆ ದಾರಿ ತೋರಲು ಬೆಳೆಸುತ್ತಿದ್ದ ನಾಯಿಗಳನ್ನು ಗಮನಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದನೆಯ ತಿಂಗಳಲ್ಲಿ ಸಾಕಿದವರು "ಕೂರು" ಅಂದರೆ ಕೂರುತ್ತಿದ್ದ ನಾಯಿಗಳು ಎಂಟನೆಯ ತಿಂಗಳಲ್ಲಿ ಅವರ ಮಾತನ್ನು ಅಷ್ಟಾಗಿ ಕೇಳಲಿಲ್ಲ. ಗುರುತಿಲ್ಲದವರು ಹೇಳಿದರೆ ಮಾತ್ರ ಚೆನ್ನಾಗಿಯೇ ಕೂರುತ್ತಿದ್ದವು! ಮನೆಯಲ್ಲಿ ಹದಿನಾಲ್ಕರ ಹುಡುಗನಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಯಿ ಕಲಿತದ್ದನ್ನು ಮರೆತಿರುವುದಿಲ್ಲ. ಈ ಘಟ್ಟ ದಾಟುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು.

ಇದಕ್ಕಿಂತ ಉಪಯುಕ್ತವಾದದ್ದು ಅಮೆರಿಕದಲ್ಲಿ ಎಮಿಲಿ ಬ್ರೇ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ. ಪಾರದರ್ಶಕ ತಡೆಯೊಂದರ ಹಿಂದೆ ತಿಂಡಿ ಹಿಡಿದು ನಾಯಿಯನ್ನು ಕರೆದರು. ನೇರ ನುಗ್ಗಿದರೆ ಮೂತಿ ಬಡಿಯುತ್ತದೆ, ಸುತ್ತಿಕೊಂಡು ಬಂದರೆ ತಿಂಡಿ ಸಿಗುತ್ತದೆ. ಕೆಲವು ಸಲ ತಣ್ಣನೆಯ ದನಿಯಲ್ಲಿ, ಕೆಲವು ಸಲ ಹುರುಪು ತುಂಬಿ, ತಿಂಡಿ ಆಡಿಸುತ್ತಾ ಕರೆದರು. ಸ್ವಭಾವತಃ ಶಾಂತವಾಗಿದ್ದ ಸಹಾಯಕ ನಾಯಿಗಳು ಹುರುಪು ತುಂಬಿದಾಗ ಇನ್ನೂ ಚೆನ್ನಾಗಿ ದಾರಿ ಕಂಡುಕೊಂಡವು. ಮೊದಲೇ ಚುರುಕಾಗಿದ್ದ ಮನೆಯ ನಾಯಿಗಳು ಅದೇ ಹುರುಪಿನಲ್ಲಿ ಎಡವಿದವು. ಮನೆಯಲ್ಲಿ ನಡೆಯುವುದೂ ಇದೇ. ನಾಯಿ ಕೆರಳಿದಾಗ ನಾವು "ನೋ! ನೋ! ಬ್ರೂನೋ, ನೋ!" ಎಂದು ಗಂಟಲೆತ್ತುತ್ತೇವೆ. ಅದಕ್ಕೆ ಕೇಳುವುದು, ಮನೆಯವರೂ ತನ್ನ ಜೊತೆ ಬೊಗಳುತ್ತಿದ್ದಾರೆ ಎಂದಷ್ಟೇ. ಕೆರಳಿದ ತಲೆಗೆ ಪಾಠ ಹತ್ತುವುದಿಲ್ಲ. ಕಲಿಸುವುದೇನಿದ್ದರೂ ಅದಕ್ಕೆ ಮುಂಚೆ.

ಏಳು ಗಂಟೆಯ ಹುಚ್ಚು ಬೆಳಿಗ್ಗೆಯೇ ಶುರು

ಸಂಜೆಯ ಹಾರಾಟ ಸಂಜೆಯದೇ ಅಲ್ಲ. ಬೆಳಿಗ್ಗೆ ಆರಕ್ಕೆ ಪ್ರತಿ ತಿರುವಿನಲ್ಲೂ ಒಂದೊಂದು ಬೀದಿನಾಯಿಯ ಗುಂಪು, ಎಂಟಕ್ಕೆ ಶಾಲಾ ವ್ಯಾನಿನ ಹಾರ್ನ್, ಆಮೇಲೆ ಕುಕ್ಕರಿನ ಸೀಟಿ, ಪಾರ್ಸೆಲ್ ಹುಡುಗರ ಕರೆಗಂಟೆ, ಮಧ್ಯಾಹ್ನವೆಲ್ಲ ಬಾಲ್ಕನಿಯ ಕಾವಲು. ಸಂಜೆ ಟೆರೇಸಿನಲ್ಲಿ ಅರ್ಧ ಗಂಟೆ ಚೆಂಡೆಸೆತ. ಒಂದೊಂದು ಸಲ ಕೆರಳಿದಾಗಲೂ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಏರುತ್ತವೆ, ಅವು ಇಳಿಯಲು ಹೊತ್ತು ಬೇಕು. ಇಳಿಯುವ ಮೊದಲೇ ಮುಂದಿನದು ಬಂದರೆ ಹಳೆಯ ಬಾಕಿಯ ಮೇಲೆ ಹೊಸ ಸಾಲ ಸೇರುತ್ತ ಹೋಗುತ್ತದೆ, ಸಂಜೆ ಒಂದು ಸಣ್ಣ ಸದ್ದಿಗೆ ಎಲ್ಲವೂ ಒಟ್ಟಿಗೆ ವಸೂಲಾಗುತ್ತದೆ.

ಚೆಂಡೆಸೆತದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ನಾಯಿಯ ಮೈ ದಣಿಯುತ್ತದೆ ನಿಜ, ತಲೆ ಮಾತ್ರ ಇನ್ನಷ್ಟು ಬಿಸಿಯಾಗುತ್ತದೆ. ದಿನವೂ ಓಡಿಸಿದರೆ ನಾಯಿ ಗಟ್ಟಿಯಾಗುತ್ತದೆ, ಮುಂದಿನ ತಿಂಗಳು ಅದೇ ದಣಿವಿಗೆ ಇನ್ನೂ ಹೆಚ್ಚು ಓಡಿಸಬೇಕು. ಮೂಳೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಕಾಂಕ್ರೀಟಿನ ಮೇಲೆ ಹಾರಿ ತಿರುಗುವುದು ಕೀಲುಗಳಿಗೂ ಒಳ್ಳೆಯದಲ್ಲ. ಬೈಕಿನ ಹಿಂದೆ ಓಡಿಸುವವರ ಬಗ್ಗೆ ಮಾತಾಡದಿರುವುದೇ ಮೇಲು.

ಹರೆಯದ ನಾಯಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಬೇಕು. ಬೇಗ ಕೆರಳುವ ನಾಯಿ ತಾನಾಗಿ ಮಲಗುವುದಿಲ್ಲ, ನಿದ್ದೆಗೆಟ್ಟ ಮಗುವಿನ ಹಾಗೆ ಇನ್ನಷ್ಟು ರಚ್ಚೆ ಹಿಡಿಯುತ್ತದೆ. ಆದ್ದರಿಂದ ಮೊದಲ ವಾರ ತರಬೇತಿಯ ಯೋಚನೆ ಬಿಟ್ಟು ಮನೆಯನ್ನು ಸರಿಮಾಡಿ. ಬಾಲ್ಕನಿಯ ಬಾಗಿಲು ಮುಚ್ಚಿಡಿ. ಕಿಟಕಿಯ ಕೆಳಭಾಗಕ್ಕೆ ಪರದೆ ಎಳೆಯಿರಿ ಅಥವಾ ಮಸುಕು ಹಾಳೆ ಅಂಟಿಸಿ. ಕಣ್ಣಿನಿಂದ ಬದುಕುವ ತಳಿಗೆ ಇದರಷ್ಟು ಬೇಗ ಫಲ ಕೊಡುವ ಉಪಾಯ ಮತ್ತೊಂದಿಲ್ಲ. ಓಡಾಟ ಕಮ್ಮಿ ಇರುವ ಮೂಲೆಯಲ್ಲಿ ದಪ್ಪನೆಯ ಹಾಸಿಗೆ ಹಾಕಿ, ಮುಧೋಳದ ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬರೀ ನೆಲ ಅದಕ್ಕೆ ಚುಚ್ಚುತ್ತದೆ. ಊಟವಾದ ಮೇಲೆ ಅಲ್ಲೇ ಜಗಿಯಲು ಏನಾದರೂ ಕೊಟ್ಟು ಮನೆಯನ್ನು ಸದ್ದಿಲ್ಲದೆ ಇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಪಕ್ಕವೇ ಒಳ್ಳೆಯ ಜಾಗ, ಅವರು ಮಧ್ಯೆ ಮಧ್ಯೆ ರೊಟ್ಟಿ ಚೂರು ಕೊಡದಿದ್ದರೆ. "ಅಜ್ಜಿ, ಅದು ಎದ್ದು ನಿಂತಾಗ ಬೇಡ, ಮಲಗಿದಾಗ ಮುಂಗಾಲಿನ ಹತ್ತಿರ ಇಡಿ" ಎಂದು ಹೇಳಿಕೊಟ್ಟರೆ ಮನೆಯ ಅತ್ಯುತ್ತಮ ತರಬೇತುದಾರರು ಅವರೇ ಆಗುತ್ತಾರೆ. ಮಲಗಿದರೆ ತಿಂಡಿ ತಾನಾಗಿ ಬರುತ್ತದೆ ಎಂದು ನಾಯಿಗೆ ಗೊತ್ತಾಗಬೇಕು, ಅಷ್ಟೇ. ಅಮೆರಿಕದ ಪಶುವೈದ್ಯೆ ಕ್ಯಾರೆನ್ ಓವರಾಲ್ ಹದಿನೈದು ದಿನಗಳ ಒಂದು ವಿಶ್ರಾಂತಿ ಪಾಠವನ್ನೇ ರೂಪಿಸಿದ್ದಾರೆ. ನಾಯಿ ಚಾಪೆಯ ಮೇಲಿರುವಾಗ ನಾವು ಒಂದು ಹೆಜ್ಜೆ ಹಿಂದೆ ಸರಿಯುವುದು, ಚಪ್ಪಾಳೆ ತಟ್ಟುವುದು, ಬಾಗಿಲವರೆಗೆ ಹೋಗಿ ಬರುವುದು, ಪ್ರತಿ ಸಲವೂ ಮಲಗಿಯೇ ಇದ್ದದ್ದಕ್ಕೆ ತಿಂಡಿ. ನೋಡುವವರಿಗೆ ಬೇಸರ ತರಿಸುವ ಪಾಠ. ಬೇಸರವಾದರೆ ಸರಿಯಾಗಿ ನಡೆಯುತ್ತಿದೆ ಎಂದೇ ತಿಳಿಯಿರಿ.

ಬೀದಿಯಲ್ಲಿ

ಮುಧೋಳದ ಕುತ್ತಿಗೆಗೂ ತಲೆಗೂ ಗಾತ್ರದಲ್ಲಿ ಅಂತರವಿಲ್ಲ. ಮಾಮೂಲಿ ಬೆಲ್ಟನ್ನು ಹಿಂದಕ್ಕೆ ಸರಿದು ಒಂದೇ ಎಳೆತಕ್ಕೆ ಕಳಚಿಕೊಳ್ಳುತ್ತದೆ. ಎಳೆದಾಗ ತುಸು ಬಿಗಿಯಾಗುವ ಅಗಲ ಪಟ್ಟಿಯ ಬೆಲ್ಟ್, ಅಥವಾ ಹೊಟ್ಟೆಯ ಬಳಿ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಹಾಕಿ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಅಷ್ಟು ದೂರದಲ್ಲಿ ವೇಗ ಹಿಡಿದ ನಾಯಿ ಕೊನೆಗೆ ಬೀಳುವುದು ತನ್ನ ಕುತ್ತಿಗೆಯ ಮೇಲೆ, ಅಥವಾ ನೀವು ಬೀಳುತ್ತೀರಿ.

ದೂರ ನಡೆಸುವುದಕ್ಕಿಂತ ಮೂಸಲು ಬಿಡುವುದು ಲಾಭ. ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಾರ ಮೂಗಿನ ಆಟ ಆಡಿದ ನಾಯಿಗಳು, ಮಗ್ಗುಲಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿದ ನಾಯಿಗಳಿಗಿಂತ, ಹೊಸದನ್ನು ಹೆಚ್ಚು ಭರವಸೆಯಿಂದ ಎದುರಿಸಿದವು. ಮನೆಯಲ್ಲೂ ಒಂದು ಹೊತ್ತಿನ ಊಟವನ್ನು ತಟ್ಟೆಗೆ ಹಾಕದೆ ಹುಲ್ಲಿನಲ್ಲೋ ಹಳೆಯ ಟವೆಲಿನ ಮಡಿಕೆಗಳಲ್ಲೋ ಚೆಲ್ಲಿ ಹುಡುಕಲು ಬಿಡಿ.

ಈಗ ಮುಖ್ಯ ಅಭ್ಯಾಸಕ್ಕೆ ಬರೋಣ. ಅಮೆರಿಕದ ತರಬೇತುದಾರ್ತಿ ಲೆಸ್ಲಿ ಮೆಕ್‌ಡೆವಿಟ್ ಜನಪ್ರಿಯಗೊಳಿಸಿದ ಕ್ರಮ ಇದು, ಮುಧೋಳಕ್ಕೆ ಹೇಳಿಮಾಡಿಸಿದಂತಿದೆ. ಬೀದಿನಾಯಿ ಎಷ್ಟು ದೂರದಲ್ಲಿದ್ದಾಗ ನಿಮ್ಮ ನಾಯಿ ನೋಡುತ್ತದೆ, ಆದರೆ ಇನ್ನೂ ಸೆಟೆದುಕೊಂಡಿಲ್ಲ ಎಂಬುದನ್ನು ಮೊದಲು ಕಂಡುಕೊಳ್ಳಿ. ಕೆಲವಕ್ಕೆ ಇಪ್ಪತ್ತು ಅಡಿ, ಕೆಲವಕ್ಕೆ ಇಡೀ ಮೈದಾನದ ಅಗಲ. ಅಷ್ಟು ದೂರದಲ್ಲಿ ನಿಲ್ಲಿ. ನಾಯಿ ಅತ್ತ ನೋಡಿದ ಕೂಡಲೇ ಮೆಲ್ಲನೆ "ಶಭಾಷ್" ಎಂದು ಬಾಯಿಗೆ ತಿಂಡಿ ಕೊಡಿ. ಮತ್ತೆ ನೋಡಿತೇ, ಮತ್ತೆ ಶಭಾಷ್, ಮತ್ತೆ ತಿಂಡಿ. ನೋಡಿದ್ದಕ್ಕೆ ಬಹುಮಾನವೇ ಎಂದು ಹಲವರು ಮೂಗು ಮುರಿಯುತ್ತಾರೆ. ನೋಡುವುದನ್ನು ಈ ತಳಿಯಿಂದ ಯಾರೂ ಬಿಡಿಸಲಾರರು. ನೋಡಿದ ಮೇಲೆ ನಮ್ಮತ್ತ ತಿರುಗುವುದನ್ನು ಕಲಿಸಬಹುದು. ಕೆಲವು ದಿನಗಳಲ್ಲಿ ನಾಯಿ ತಾನೇ ಅತ್ತ ನೋಡಿ, ತಟ್ಟನೆ ನಿಮ್ಮ ಮುಖ ನೋಡತೊಡಗುತ್ತದೆ. ಆಗ ನಾಲ್ಕು ಹೆಜ್ಜೆ ಹತ್ತಿರ ಹೋಗಬಹುದು. ಬೇಯಿಸಿದ ಕೋಳಿಯ ಚೂರು, ಪನೀರ್, ಮೊಟ್ಟೆ ಸಾಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ತಿಂಡಿ ಬೇಡವೆಂದರೆ ಅಥವಾ ಬೆರಳು ಸೇರಿಸಿ ಕಸಿದುಕೊಂಡರೆ ನೀವು ಆಗಲೇ ಹತ್ತಿರ ಬಂದಾಗಿದೆ. ಪಾಠ ನಿಲ್ಲಿಸಿ, ಬಂದ ದಾರಿಯಲ್ಲಿ ಹಿಂದಿರುಗಿ. ಕೂರಿಸಿ, ಗದರಿಸಿ, ಬೀದಿನಾಯಿಗೆ ಕಲ್ಲು ತೋರಿಸಿ ಅಲ್ಲೇ ಗೆಲ್ಲಲು ಹೋಗಬೇಡಿ.

ಬಟ್ಟೆ ಕಚ್ಚಿ ಎಳೆದಾಗ ಕಾಲು ಝಾಡಿಸಿದರೆ ಅದು ಆಟವಾಗುತ್ತದೆ, ಹೊಡೆದರೆ ಜಗಳವಾಗುತ್ತದೆ. ಮರದಂತೆ ನಿಂತು, ಒಂದು ಹಿಡಿ ಆಹಾರವನ್ನು ನೆಲಕ್ಕೆ ಚೆಲ್ಲಿ. ಮೂಗು ಕೆಳಗಿಳಿದರೆ ಬಾಯಿ ಬಿಡುತ್ತದೆ. ತಿಂದಾದ ಮೇಲೆ ಮಲಗುವ ಮೂಲೆಗೆ ಕರೆದೊಯ್ಯಿರಿ. ನಾಯಿ ನಿಮ್ಮ ಮೇಲೆ ಯಜಮಾನಿಕೆ ನಡೆಸುತ್ತಿದೆ, ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯಿರಿ ಎನ್ನುವವರು ಇನ್ನೂ ಇದ್ದಾರೆ. ಆ ಕಲ್ಪನೆ ಬಂದದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ, ಸೆರೆಯಲ್ಲಿ ಕೂಡಿಹಾಕಿದ ತೋಳಗಳ ಅಧ್ಯಯನದಿಂದ. ಅದನ್ನು ಪುಸ್ತಕದ ಮೂಲಕ ಹರಡಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ಮುಂದೆ ತಿದ್ದಿ ಹೇಳಿದರು.

ಇಷ್ಟೆಲ್ಲ ಮಾಡಿಯೂ ನಾಯಿ ದಿನವಿಡೀ ತಳಮಳಿಸುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಉಣ್ಣೆ, ಕಿವಿಯ ಸೋಂಕು, ಕೀಲುನೋವು ಇವೆಲ್ಲ ಹರೆಯದ ತುಂಟತನದ ವೇಷದಲ್ಲಿ ಬರುತ್ತವೆ. ಸಂತಾನಹರಣ ಮಾಡಿಸಿದರೆ ಹೆಣ್ಣುನಾಯಿಯನ್ನು ಅರಸಿ ಅಲೆಯುವುದು ಕಡಿಮೆಯಾಗಬಹುದು, ಕೆರಳುವ ಗುಣ ಅದರಿಂದ ಹೋಗುವುದಿಲ್ಲ. ಯಾವ ವಯಸ್ಸಿಗೆ ಎಂಬುದನ್ನೂ ವೈದ್ಯರನ್ನೇ ಕೇಳಿ.

ಹಾಗಾದರೆ ಓಡಿಸಲೇಬಾರದೇ? ಓಡಿಸಬೇಕು. ಓಟ ಅದರ ರಕ್ತದಲ್ಲಿದೆ. ವಾರಕ್ಕೆ ಎರಡು ಮೂರು ಸಲ, ಬಿಸಿಲೇರುವ ಮೊದಲು, ಮಣ್ಣಿನ ನೆಲದಲ್ಲಿ, ಸುತ್ತ ಬೇಲಿಯಿರುವ ಕಡೆ ಕೆಲವು ನಿಮಿಷ ಬಿಟ್ಟು ಬಿಡಿ. ಎಸೆಯಬೇಡಿ, ಅಟ್ಟಬೇಡಿ, ಅದರ ಪಾಡಿಗೆ ಸುತ್ತು ಹೊಡೆಯಲಿ. ನಿಂತ ಮೇಲೆ ಹತ್ತು ನಿಮಿಷ ಹಗ್ಗ ಕಟ್ಟಿ ಹುಲ್ಲು ಮೂಸಿಸಿ, ಆಮೇಲೆ ಮನೆಗೆ. ಹಗ್ಗ ಬಿಚ್ಚುವ ಮುನ್ನ ಗೇಟಿನ ಚಿಲಕ ಹಾಕಿದೆಯೇ, ಬೇಲಿಯಲ್ಲಿ ಕಿಂಡಿ ಇದೆಯೇ ನೋಡಿಕೊಳ್ಳಿ. ಬೆಕ್ಕೊಂದರ ಹಿಂದೆ ಬಿದ್ದ ಮುಧೋಳವನ್ನು ಕೂಗಿ ವಾಪಸು ಕರೆದವರು ಅಪರೂಪ.