ಮೈ ಕರಗಿಸುವ ಚುಚ್ಚುಮದ್ದು

ವಾರಕ್ಕೊಂದು ಚುಚ್ಚುಮದ್ದಿನಿಂದ ಸ್ಥೂಲಶರೀರವು ಕರಗುವದೆಂಬ ವಾರ್ತೆಯು ಈಗ ಬಾಗಲಕೋಟೆ, ಹುನಗುಂದಗಳ ಮನೆಮನೆಗೂ ಮುಟ್ಟಿರುವದು. ವಾರ್ತೆಯು ಸುಳ್ಳಲ್ಲ. ಮೌಂಜಾರೊ ಎಂಬ ಹೆಸರಿನ ಟಿರ್ಜೆಪಟೈಡ್ ಔಷಧವು 2025ರ ಮಾರ್ಚಿನಲ್ಲಿಯೂ, ವೆಗೋವಿ ಎಂಬ ಹೆಸರಿನ ಸೆಮಾಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿಯೂ ನಮ್ಮ ದೇಶದ ಪೇಟೆಯನ್ನು ಸೇರಿದವು. ಉಂಡಾಗ ಕರುಳಿನಲ್ಲಿ ಸ್ರವಿಸುವ ರಸದಂತೆ ವರ್ತಿಸಿ ಇವು ಹಸಿವೆಯನ್ನು ಅಡಗಿಸುವವು. ಉಂಡ ಅನ್ನವನ್ನು ಜಠರದಲ್ಲಿ ಹೆಚ್ಚು ಹೊತ್ತು ತಡೆದಿಡುವವು. ಸ್ಥೂಲನಿಗೆ ಜೀರ್ಣಿಸಲು ಗುರುವಾದ, ಆದರೆ ಮೈಗೆ ಹತ್ತದ ಆಹಾರವನ್ನು ಚರಕಸಂಹಿತೆಯು ವಿಧಿಸಿರುವದನ್ನು ನೆನೆದರೆ ಯುಕ್ತಿಯು ತೀರ ಹೊಸದಲ್ಲವೆನ್ನಬೇಕು. ಚರಕನು ಅತಿಸ್ಥೂಲನ ಜೊತೆಗೇ ಅತಿಕೃಶನನ್ನೂ ನಿಂದಿತರಲ್ಲಿ ಎಣಿಸಿರುವನೆಂಬುದನ್ನು ಮಾತ್ರ ತೆಳ್ಳಗಾಗಲು ಆತುರಪಡುವವರು ಮರೆಯುವರು.

ವೈದ್ಯರ ಕೈಯಲ್ಲಿ ಇದು ಒಳ್ಳೆಯ ಔಷಧವೇ. ಮನೆಮದ್ದಿನಂತೆ ಕೈಯಿಂದ ಕೈಗೆ ದಾಟುವದೆಂಬುದೇ ನನ್ನ ಅಂಜಿಕೆ. ಇಳಕಲ್ಲದ ನೇಕಾರನೊಬ್ಬನು ಮಧುಮೇಹಕ್ಕೆ ಗ್ಲಿಮೆಪಿರೈಡ್ ಗುಳಿಗೆ ನುಂಗುತ್ತಿರುವನೆನ್ನಿರಿ. ಬೆಂಗಳೂರಿನ ನೆಂಟರು ಕೊಟ್ಟ ಸೂಜಿಯನ್ನೂ ಅದರ ಮೇಲೆ ಚುಚ್ಚಿಕೊಂಡನು. ಹಸಿವೆಯಿಲ್ಲವೆಂದು ರೊಟ್ಟಿಯನ್ನು ಬಿಟ್ಟನು. ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ರಕ್ತದೊಳಗಿನ ಸಕ್ಕರೆಯು ಕುಸಿದು, ಬೆವರಿ, ಕೈ ನಡುಗಿ, ಮಗ್ಗದ ಮುಂದೆಯೇ ಎಚ್ಚರ ತಪ್ಪಬಹುದು. ವೈದ್ಯನನ್ನು ಕೇಳಿದ್ದರೆ ಅವನು ಮೊದಲು ಗುಳಿಗೆಯ ಪ್ರಮಾಣವನ್ನು ತಗ್ಗಿಸುತ್ತಿದ್ದನು.

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆಗಳು ಸಾಮಾನ್ಯ. ಅಲ್ಪಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸಿದರೆ ಬಹುಮಟ್ಟಿಗೆ ಸಹ್ಯವಾಗುವವು. ಆದರೆ ನಮ್ಮ ವೈಶಾಖದ ಬಿಸಿಲಿನಲ್ಲಿ ಬಿಡದೆ ವಾಂತಿಯಾದರೆ ಮೈಯ ನೀರು ಆರಿ ಮೂತ್ರಪಿಂಡಗಳಿಗೆ ಅಪಾಯವುಂಟು. ಮೇಲುಹೊಟ್ಟೆಯಿಂದ ಬೆನ್ನಿಗೆ ಹಾಯುವ ಘೋರ ಶೂಲೆಯು ಮೇದೋಜೀರಕದ ಉರಿಯೂತವಿರಬಹುದು. ಕಷಾಯ ಕುಡಿಸುತ್ತ ಕೂಡ್ರದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೇದಸ್ಸಿನೊಡನೆ ಮಾಂಸಖಂಡವೂ ಕರಗುವದರಿಂದ ವೃದ್ಧರು ಕಾಳುಪಲ್ಯವನ್ನೂ ನಡಿಗೆಯನ್ನೂ ಬಿಡಕೂಡದು. ಗರ್ಭಿಣಿಯರಿಗೆ ಇದು ವರ್ಜ್ಯ. ಔಷಧವನ್ನು ನಿಲ್ಲಿಸಿದವರಲ್ಲಿ ಅನೇಕರಿಗೆ ಇಳಿದ ತೂಕವು ಮರಳಿ ಏರುವದೂ ಕಂಡುಬಂದಿರುವದು.

ಸೂಜಿಗೆ ಅಂಜಿ ‘ಶುದ್ಧ ಗಿಡಮೂಲಿಕೆ’ಯ ಪುಡಿಗಳನ್ನು ಹುಡುಕುವ ಬಾದಾಮಿಯ ತಾಯಂದಿರಿಗೂ ಒಂದು ಮಾತು. ಹೃದಯಕ್ಕೆ ಅಪಾಯಕರವೆಂದು 2011ರಲ್ಲಿ ನಮ್ಮ ಸರಕಾರವು ನಿಷೇಧಿಸಿದ ಸಿಬುಟ್ರಮೈನ್ ಎಂಬ ಔಷಧವು ಅಂಥ ಪುಡಿ, ಗುಳಿಗೆಗಳಲ್ಲಿ ಅಡಗಿರುವದನ್ನು ಹಲವು ದೇಶಗಳ ಪರೀಕ್ಷಕರು ಮೇಲಿಂದ ಮೇಲೆ ಕಂಡುಹಿಡಿದಿರುವರು.

ಇನ್ನು, ಚುಚ್ಚುಮದ್ದು ಪಡೆಯುತ್ತಿರುವವರು ಶಸ್ತ್ರಕ್ರಿಯೆಗೆ ಹೋಗುವದಾದರೆ, ಅರಿವಳಿಕೆ ಕೊಡುವ ವೈದ್ಯರಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು. ರಾತ್ರಿಯೆಲ್ಲ ಉಪವಾಸವಿದ್ದರೂ ಇವರ ಜಠರದಲ್ಲಿ ಅನ್ನವು ಉಳಿದಿದ್ದು, ಪ್ರಜ್ಞೆ ತಪ್ಪಿದಾಗ ಮೇಲಕ್ಕೆ ಬಂದು ಶ್ವಾಸನಾಳವನ್ನು ಸೇರಬಹುದು.