ಎಂಟು ಮೂಲೆಯ ಕೋಟೆಗೆ ನಾಲ್ಕೇ ಮೂಲೆ

ಅಣ್ಣ ಫೋನ್ ಮಾಡಿ ಬೈದದ್ದು ಕೋಟೆಯ ವಿಷಯಕ್ಕೆ. “ಏನ್ ತಂಗಿ, ಟಿಪ್ಪು ಕಟ್ಟಿಸಿದ್ದು ಎಂಟು ಮೂಲೆ. ನಿನ್ನ ವೆಬ್‌ಸೈಟಲ್ಲಿ ನಾಲ್ಕೇ ಕಾಣ್ತವೆ. ಮಿಕ್ಕಿದ್ದೆಲ್ಲಿ ಹೋದ್ವು?”

ಅಣ್ಣ ಎಂದರೆ ದೊಡ್ಡಪ್ಪನ ಮಗ. ಆನೇಮಹಲಿನಲ್ಲಿ ತೋಟದ ಹಳೇ ಮನೆಯನ್ನೇ ಹೋಂಸ್ಟೇ ಮಾಡಿಕೊಂಡಿದ್ದಾನೆ. ಹೆದ್ದಾರಿಯಲ್ಲಿ ಮಂಗಳೂರಿನ ಕಡೆ ಇನ್ನಷ್ಟು ಹೋದರೆ ದೋಣಿಗಾಲ್, ಅಲ್ಲಿ ಗುಡ್ಡದ ಮೇಲೆ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ. ಮೇಲಿನಿಂದ ನೋಡಿದರೆ ನಕ್ಷತ್ರ. ಈ ಸೀಮೆಯ ಯಾವ ಹೋಂಸ್ಟೇ ವೆಬ್‌ಸೈಟ್ ತೆರೆದರೂ ಡ್ರೋನಿನಲ್ಲಿ ತೆಗೆದ ಆ ನಕ್ಷತ್ರ ಇದ್ದೇ ಇರುತ್ತದೆ. ಅಣ್ಣನದರಲ್ಲೂ ಇತ್ತು. ಕಂಪ್ಯೂಟರಿನಲ್ಲಿ ಎಂಟೂ ಮೂಲೆ ಸರಿಯಾಗಿದ್ದವು. ಫೋನನ್ನು ನೆಟ್ಟಗೆ ಹಿಡಿದರೆ ಅಗಲದ ಚಿತ್ರ ಕಿರಿದಾದ ಚೌಕಟ್ಟಿಗೆ ತುಂಬಿಕೊಳ್ಳಲು ಎಡಬಲ ಕತ್ತರಿಸಿಕೊಳ್ಳುತ್ತಿತ್ತು. ಹಾಗೆ ಕತ್ತರಿಸು ಎಂದು ಕೋಡ್ ಬರೆದವಳು ನಾನೇ.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿದ್ದೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ಇಲ್ಲೇ ಉಳಿದೆ. ಅಣ್ಣನಿಗೆ ಬೇಕಾಗಿದ್ದು ‘ಫೋಟೋ ತಾನಾಗಿ ಓಡೋದು’, ಅಂದರೆ ಇಮೇಜ್ ಸ್ಲೈಡರ್. ನೀವೆಲ್ಲ ನೋಡಿರುತ್ತೀರಿ: ಮುಖಪುಟದ ಮೇಲ್ಗಡೆ ದೊಡ್ಡ ಚಿತ್ರ, ಅದು ಪಕ್ಕಕ್ಕೆ ಸರಿದು ಇನ್ನೊಂದು ಬರುತ್ತದೆ, ಕೆಳಗೆ ಸಣ್ಣ ಚುಕ್ಕೆಗಳ ಸಾಲು. ಒಳಗಿನ ಉಪಾಯ ಸರಳ. ಕಿಟಕಿಯೊಂದರ ಮುಂದೆ ನೀವು ಕೂತಿದ್ದೀರಿ, ಆಚೆ ರೈಲು ಹಾದುಹೋಗುತ್ತಿದೆ ಎಂದುಕೊಳ್ಳಿ. ಚಿತ್ರಗಳೇ ಬೋಗಿಗಳು, ಒಂದಕ್ಕೊಂದು ತಗುಲಿ ಉದ್ದಕ್ಕೆ ನಿಂತಿರುತ್ತವೆ. ಕಿಟಕಿಯಲ್ಲಿ ಒಂದು ಹೊತ್ತಿಗೆ ಒಂದೇ ಬೋಗಿ ಕಾಣುತ್ತದೆ. ಬಟನ್ ಒತ್ತಿದರೆ ಇಡೀ ರೈಲು ಒಂದು ಬೋಗಿಯಷ್ಟು ಮುಂದೆ ಹೋಗುತ್ತದೆ.

ಕೊನೆಯ ಬೋಗಿ ಆದಮೇಲೆ ಮತ್ತೆ ಮೊದಲನೆಯದು ಬರಬೇಕಲ್ಲ? ಅಲ್ಲೊಂದು ಕಣ್ಕಟ್ಟಿದೆ. ಮೊದಲ ಚಿತ್ರದ ನಕಲೊಂದನ್ನು ಬಾಲಕ್ಕೆ ಕಟ್ಟಿರುತ್ತಾರೆ. ರೈಲು ಆ ನಕಲಿಗೆ ಬಂದು ನಿಂತಕೂಡಲೇ, ನೋಡುವವರಿಗೆ ಗೊತ್ತಾಗದ ಹಾಗೆ, ಇಡೀ ರೈಲನ್ನು ಎತ್ತಿ ಅಸಲಿ ಮೊದಲ ಬೋಗಿಗೆ ತಂದಿಡುತ್ತಾರೆ. ಇದನ್ನು ಬರೆದು ಮುಗಿಸಿದ ದಿನ ನನಗೆ ಬಹಳ ಹೆಮ್ಮೆ. ಮಾರನೇ ವಾರ ಇನ್ನೊಂದು ಹೋಂಸ್ಟೇಯವರು ಒಂದೇ ಒಂದು ಫೋಟೋ ಕಳಿಸಿದರು. ನನ್ನ ಸ್ಲೈಡರ್ ನಿಷ್ಠೆಯಿಂದ ಅದೇ ಫೋಟೋ ತೆಗೆದು ಅದೇ ಫೋಟೋ ತೋರಿಸುತ್ತ ದಿನವಿಡೀ ಓಡಿತು.

ಇಂಥ ಸ್ಲೈಡರುಗಳಿಗೆ ಬರವೇನಿರಲಿಲ್ಲ. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಬಿಡುಗಡೆ ಮಾಡಿದ ಮೇಲೆ ಅದರ ಹೆಗಲೇರಿ ನೂರಾರು ಹುಟ್ಟಿದವು. 2014ರಲ್ಲಿ ಕೆನ್ ವೀಲರ್ ಬರೆದ ‘ಸ್ಲಿಕ್’ ಬಂದು ಎಲ್ಲೆಲ್ಲೂ ಹರಡಿತು. ಈಗ ‘ಸ್ವೈಪರ್’ ಇದೆ, ಚೆನ್ನಾಗಿಯೂ ಇದೆ. ಎಲ್ಲವೂ ಮುಕ್ತ ತಂತ್ರಾಂಶ: ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಬಳಸಬಹುದು, ದುಡ್ಡು ಕೊಡಬೇಕಿಲ್ಲ. ಹಾಗಿದ್ದ ಮೇಲೆ ನಾನೇಕೆ ಹೊಸದು ಬರೆದೆ? ಸತ್ಯ ಹೇಳಬೇಕೆಂದರೆ, ಅರ್ಧ ಚಪಲ. ಇನ್ನರ್ಧ ಅಕ್ಕಿ ರೊಟ್ಟಿ.

ಒಂದು ಸಿದ್ಧ ಸ್ಲೈಡರ್ ಹಾಕಿ ತಿಂಡಿಯ ಚಿತ್ರದ ಕೆಳಗೆ ‘ಅಕ್ಕಿ ರೊಟ್ಟಿ’ ಎಂದು ಬರೆದಿದ್ದೆ. ಪರದೆ ಮೇಲೆ ಬಂದದ್ದು ‘ಅಕಿ ರೊಟಿ’. ಇಂಗ್ಲಿಷ್ ಅಕ್ಷರದ ಎತ್ತರ ಲೆಕ್ಕ ಹಾಕಿ ಸಾಲಿಗೆ ಜಾಗ ಬಿಟ್ಟಿದ್ದರು, ಒತ್ತಕ್ಷರ ಆ ಗೆರೆಯ ಕೆಳಗೆ ಬಿದ್ದು ಕಾಣದಂತಾಗಿತ್ತು. ಇನ್ನೊಂದರಲ್ಲಿ ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಶೋಕಿ ಇತ್ತು. ಇಂಗ್ಲಿಷಿಗೆ ಚಂದ. ಕಂಪ್ಯೂಟರಿನ ಒಳಗೆ ‘ರೊಟ್ಟಿ’ ಎಂಬುದು ಎರಡಕ್ಷರವಲ್ಲ. ರಕಾರ, ಒಕಾರದ ಚಿಹ್ನೆ, ಟಕಾರ, ಅರ್ಧಾಕ್ಷರದ ಗುರುತು, ಇನ್ನೊಂದು ಟಕಾರ, ಗುಡಿಸು, ಹೀಗೆ ಆರು ತುಂಡು. ಆ ಆರೂ ಬೇರೆ ಬೇರೆಯಾಗಿ ಹಾರಿ ಬಂದವು, ಗುಡಿಸು ಮೈಯೇ ಸಿಗದೆ ಚುಕ್ಕೆಗಳ ವರ್ತುಲದ ಮೇಲೆ ಕೂತಿತು. ಹಾರಿಸುವುದಾದರೆ ಇಡೀ ಪದವನ್ನೇ ಹಾರಿಸಬೇಕು. ನನ್ನ ಕೇಳಿದರೆ ಹಾರಿಸದಿರುವುದೇ ಮೇಲು.

ಬರೆಯುವುದು ಮೂರು ವಾರದಲ್ಲಿ ಮುಗಿಯಿತು. ಪರೀಕ್ಷೆ ಮಾತ್ರ ಇನ್ನೂ ಮುಗಿದಿಲ್ಲ.

ಬೆಂಗಳೂರಿನ ಆಫೀಸಿನಲ್ಲಿ ನಿಧಾನದ ನೆಟ್‌ವರ್ಕ್ ಬೇಕೆಂದರೆ ಬ್ರೌಸರಿನಲ್ಲಿ ಒಂದು ಆಯ್ಕೆ ಒತ್ತಿ ಸುಳ್ಳು ನಿಧಾನ ಸೃಷ್ಟಿಸುತ್ತಿದ್ದೆವು. ಆನೇಮಹಲಿನಲ್ಲಿ ಆ ಕಷ್ಟವಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಅದೂ ಒಂದು ಕಡ್ಡಿ. ಮೊದಲ ಸಲ ಅಲ್ಲಿ ನಿಂತು ಸೈಟ್ ತೆರೆದಾಗ ಅಣ್ಣ ಫೋನಿನಲ್ಲಿ ತೆಗೆದು ಹಾಗೇ ಏರಿಸಿದ್ದ ಎಂಟು ಫೋಟೋ, ಒಂದೊಂದೂ ನಾಲ್ಕೈದು ಎಂಬಿ, ಇಳಿಯುತ್ತಲೇ ಇದ್ದವು. ತೋಟದ ರೈಟ್ರು ಹಾಜರಿ ಪುಸ್ತಕ ಮುಗಿಸಿ ಬಂದು ಇಣುಕಿ, “ಇನ್ನೂ ಬಂದಿಲ್ವಾ ಮಾರಾಯ್ತಿ?” ಎಂದರು. ಬಂದಿರಲಿಲ್ಲ. ಕೋಡನ್ನು ಹೀಗೆ ತಿರುವಿದೆ: ಮೊದಲ ಚಿತ್ರ ಮಾತ್ರ ತಕ್ಷಣ ಬರಲಿ, ಉಳಿದವು ಅವುಗಳ ಸರದಿ ಹತ್ತಿರವಾದಾಗ ಹೊರಡಲಿ. ಚಿತ್ರಗಳನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪಕ್ಕೆ ತಂದ ಮೇಲೆ ಒಂದೊಂದೂ ಇನ್ನೂರು ಕೆಬಿ ಒಳಗೆ ಬಂತು.

ಅದೇ ಕಣದಲ್ಲಿ ಇನ್ನೊಂದು ಸಿಕ್ಕಿತು. ಚಿತ್ರ ಬಂದು ಸೇರುವ ತನಕ ಅದರ ಎತ್ತರ ಎಷ್ಟೆಂದು ಬ್ರೌಸರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಕೆಳಗಿನ ಬರಹ ಮೇಲೆ ಬಂದು ಕೂತಿರುತ್ತದೆ, ಚಿತ್ರ ಬಂದಕೂಡಲೇ ಎಲ್ಲ ಧಡಕ್ಕನೆ ಕೆಳಗೆ ಜಾರುತ್ತದೆ. ಫೋನ್ ನಂಬರ್ ಒತ್ತಲು ಹೋದ ಅಪ್ಪಾಜಿ ಕೋಟೆಯ ಚಿತ್ರ ಒತ್ತಿದ್ದರು. ಅಗಲ-ಎತ್ತರದ ಪ್ರಮಾಣವನ್ನು ಮೊದಲೇ ಬರೆದಿಟ್ಟರೆ ಬ್ರೌಸರ್ ಜಾಗ ಕಾಯ್ದಿರಿಸುತ್ತದೆ. ಒಂದು ಸಾಲಿನ ಕೆಲಸ ಅದು.

ಅಪ್ಪಾಜಿಯಷ್ಟು ಒಳ್ಳೇ ಪರೀಕ್ಷಕರು ನನಗೆ ಕಂಪನಿಯಲ್ಲೂ ಸಿಕ್ಕಿರಲಿಲ್ಲ. ಐವತ್ತು ವರ್ಷ ಕಸಿಕತ್ತರಿ ಹಿಡಿದ ಹೆಬ್ಬೆರಳು ಪರದೆಯ ಮೇಲೆ ನೆಟ್ಟಗೆ ಸರಿಯುವುದಿಲ್ಲ, ಓರೆಯಾಗಿ ಸರಿಯುತ್ತದೆ. ಅವರು ಪುಟವನ್ನು ಮೇಲೆ ತಳ್ಳಿದರೆ ಸ್ಲೈಡರ್ ತನ್ನನ್ನೇ ಪಕ್ಕಕ್ಕೆ ಎಳೆದರೆಂದು ತಿಳಿದು ಚಿತ್ರ ಬದಲಿಸುತ್ತಿತ್ತು, ಪುಟ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೇಲೆ-ಕೆಳಗಿನ ಚಲನೆಯನ್ನು ಬ್ರೌಸರಿಗೇ ಬಿಟ್ಟುಕೊಟ್ಟು, ಅಡ್ಡ ಚಲನೆಯನ್ನಷ್ಟೇ ಸ್ಲೈಡರ್ ನೋಡಿಕೊಳ್ಳುವಂತೆ ಮಾಡಿದ ಮೇಲೆ ಸರಿಯಾಯಿತು.

ಇವೆಲ್ಲಕ್ಕೂ ಸ್ವಯಂಚಾಲಿತ ಪರೀಕ್ಷೆಗಳನ್ನೂ ಬರೆದಿದ್ದೇನೆ. ಪ್ಲೇರೈಟ್ ಎಂಬ ಮುಕ್ತ ಸಲಕರಣೆ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ಪರದೆಯಿಲ್ಲದೆಯೇ ಓಡಿಸಿ, ಬಟನ್ ನೂರು ಸಲ ಒತ್ತಿ, ಇರಬೇಕಾದ ಚಿತ್ರವೇ ಇದೆಯೇ ಎಂದು ನೋಡುತ್ತದೆ. ಒಂದೂ ಚಿತ್ರವಿಲ್ಲದಿದ್ದರೆ? ಒಂದೇ ಇದ್ದರೆ? ಮೂರನೆಯದು ಕಳೆದುಹೋಗಿದ್ದರೆ? ಎಲ್ಲಕ್ಕೂ ಹಸಿರು ಗುರುತು ಬಿದ್ದ ದಿನವೇ ಹಾಸನದ ಗೆಳತಿಗೆ ಕೊಟ್ಟೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ತೆರೆಯೋದುಗ ತಂತ್ರಾಂಶ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ; ಅದೂ ಮುಕ್ತ ತಂತ್ರಾಂಶವೇ. ಅವಳ ಕಿವಿಗೆ ಬಿದ್ದದ್ದು ಎಂಟು ಚುಕ್ಕೆಗಳಿಗೆ ಎಂಟು ಸಲ “ಬಟನ್, ಬಟನ್, ಬಟನ್.” ಯಾವ ಬಟನ್ ಏನು ಮಾಡುತ್ತದೆ ಎಂದು ನಾನು ಬರೆದೇ ಇರಲಿಲ್ಲ. ಬಾಲಕ್ಕೆ ಕಟ್ಟಿದ ನಕಲು ಚಿತ್ರವನ್ನೂ ಅದು ಅಸಲಿಯೆಂದೇ ಓದಿತು. ಅದಕ್ಕಿಂತ ಹೆಚ್ಚಾಗಿ, “ನಾನು ಒಂದು ಚಿತ್ರದ ವಿವರ ಕೇಳುತ್ತಿರುವಾಗ ಅದು ಓಡಿಹೋದರೆ ಹೇಗೆ?” ಎಂದಳು. ವೆಬ್ ಎಲ್ಲರಿಗೂ ಎಟುಕಬೇಕೆಂದು ಮಾಡಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಿಂದಲೂ ಇದನ್ನೇ ಹೇಳುತ್ತಿದೆ: ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನೂ ನಿಲ್ಲಿಸುವ ದಾರಿ ಇರಬೇಕು.

ಆಮೇಲೆ ನಾನು ಅಣ್ಣನ ಜೊತೆ ಜಗಳಕ್ಕೇ ಇಳಿದೆ. ತಾನಾಗಿ ಓಡುವುದನ್ನು ತೆಗೆಯುತ್ತೇನೆ ಎಂದೆ. “ಓಡದಿದ್ರೆ ಅದೆಂಥ ಸ್ಲೈಡರ್?” ಎಂದ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ಎರಿಕ್ ರನ್ಯನ್ 2013ರಲ್ಲಿ ಪ್ರಕಟಿಸಿದ ಲೆಕ್ಕ ತೋರಿಸಿದೆ. ಆ ಮುಖಪುಟಕ್ಕೆ ಬಂದ ನೂರರಲ್ಲಿ ಒಬ್ಬರಷ್ಟೇ ಸ್ಲೈಡರನ್ನು ಒತ್ತಿದ್ದರು. ಒತ್ತಿದ್ದರಲ್ಲಿ ಶೇ. 84ರಷ್ಟು ಮೊದಲ ಚಿತ್ರದ ಮೇಲೆ. ಹಿಂದಿನ ಬೋಗಿಗಳನ್ನು ಒತ್ತಿದವರು ಕಡಿಮೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಮೊದಲನೇದು ಕೋಟೆ ಬೇಡ, ನಮ್ಮನೆ ಜಗಲಿ ಹಾಕು. ಕೋಟೆ ಎಲ್ಲರತ್ರನೂ ಇದೆ,” ಎಂದ. ವ್ಯಾಪಾರ ಗೊತ್ತಿರುವವನು.

ಈಗ ನನ್ನ ಸ್ಲೈಡರ್ ಕೈ ಮುಟ್ಟಿದರೆ ಮಾತ್ರ ಸರಿಯುತ್ತದೆ. ನಕಲು ಬೋಗಿಯನ್ನೂ ಕಿತ್ತುಹಾಕಿದೆ. ಕೊನೆಯ ಚಿತ್ರ ಬಂದರೆ ಅಲ್ಲಿಗೆ ಕೊನೆ. ಸರಿಸಿ ನಿಲ್ಲಿಸುವ ಕೆಲಸವನ್ನು ಈಚಿನ ಬ್ರೌಸರುಗಳೇ ಮಾಡುವುದರಿಂದ ಸಾವಿರ ಸಾಲಿನ ಕೋಡ್ ಇನ್ನೂರೈವತ್ತಕ್ಕೆ ಇಳಿದಿದೆ. ಎಂಐಟಿ ಪರವಾನಗಿಯಲ್ಲಿ ಬಿಟ್ಟಿದ್ದೇನೆ. ಅದರ ಷರತ್ತು ಇಷ್ಟೆ: ಬರೆದವರ ಹಕ್ಕಿನ ಸೂಚನೆ ಅಳಿಸಬೇಡಿ, ಕೆಟ್ಟರೆ ನನ್ನನ್ನು ಕೇಳಬೇಡಿ. ಆದರೂ ಕೇಳುತ್ತಾರೆ. ಮುಖ ನೋಡಿರದ ಒಬ್ಬರು ಉರ್ದು ಸೈಟಿನಲ್ಲಿ ಹಾಕಿ ನೋಡಿ, ಬಲದಿಂದ ಎಡಕ್ಕೆ ಓದುವ ಭಾಷೆಯಲ್ಲಿ ‘ಮುಂದೆ’ ಎಂಬ ಬಾಣ ಹಿಂದಕ್ಕೆ ಒಯ್ಯುತ್ತಿದೆ ಎಂದು ಬರೆದರು. ಬರೆದದ್ದಷ್ಟೇ ಅಲ್ಲ, ತಿದ್ದುಪಡಿಯ ಹನ್ನೆರಡು ಸಾಲನ್ನೂ ಜೊತೆಗೇ ಕಳಿಸಿದ್ದರು.

ಕೋಟೆಯ ಮೂಲೆಗಳು ಎಂಟೂ ವಾಪಸ್ ಬಂದಿವೆ. ಕತ್ತರಿಸುವ ಬದಲು ಪೂರ್ತಿ ತೋರಿಸು ಎಂದು ಆ ಒಂದು ಚಿತ್ರಕ್ಕೆ ಮಾತ್ರ ಹೇಳಿದ್ದೇನೆ. ಮೇಲೆ ಕೆಳಗೆ ಖಾಲಿ ಪಟ್ಟಿ ಉಳಿಯುತ್ತದೆ, ಅಣ್ಣನಿಗೆ ಅದು ಇಷ್ಟವಿಲ್ಲ. ಫೋನನ್ನು ಅಡ್ಡ ತಿರುಗಿಸಿದರೆ ಒಮ್ಮೊಮ್ಮೆ ಎರಡು ಚಿತ್ರಗಳು ಅರ್ಧರ್ಧ ಕಾಣುವ ತೊಂದರೆಯೊಂದು ಉಳಿದಿದೆ. ನಿನ್ನೆ ಅದನ್ನು ನೋಡಲು ಕೂತಿದ್ದೆ. ಹೂಮಳೆ ಬಂತು, ಕರೆಂಟು ಹೋಯಿತು, ಇನ್ನೂ ಬಂದಿಲ್ಲ.