ಟ್ಯಾಂಕರ್ ಕಾಯದ ಹಸಿರು

ಜುಲೈ ತಿಂಗಳ ವನಮಹೋತ್ಸವದಲ್ಲಿ ಶಾಲೆಯ ಅಂಗಳದಲ್ಲಿ ಸಸಿ ನೆಡುತ್ತಾರೆ. ಏಪ್ರಿಲ್‌ನಲ್ಲಿ ರಜೆ ಬರುತ್ತದೆ, ನೀರೆರೆಯುವ ಕೈಗಳೆಲ್ಲ ಊರಿಗೆ ಹೋಗುತ್ತವೆ. ಜೂನ್‌ನಲ್ಲಿ ಬಾಗಿಲು ತೆರೆದಾಗ ಉಳಿದಿರುವುದು ಒಣಕಡ್ಡಿ. ಮನೆಯ ಕೈತೋಟದ ಪಾಡೂ ಬೇರೆಯಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು.

ಹಾಗಾದರೆ ಗಿಡ ಬೆಳೆಸುವುದನ್ನೇ ಬಿಡಬೇಕೆ? ಬೇಕಿಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಕುರುಚಲು ಗುಡ್ಡಗಳನ್ನು ನೋಡಿ. ಯಾರೂ ನೀರೆರೆಯದ ಪೊದೆಗಳು ಅಲ್ಲಿ ಬಿರುಬಿಸಿಲಲ್ಲೂ ಹಸಿರಾಗಿರುತ್ತವೆ.

ಅವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಬಂದರಿಕೆ. ಇದರ ಎಲೆ ಮುಟ್ಟಿದರೆ ಅಂಟು. ಆ ಅಂಟಿನ ಲೇಪವೇ ಎಲೆಯ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ. ಕತ್ತರಿಸಿದಷ್ಟೂ ಚಿಗುರುವುದರಿಂದ ಬೇಲಿಗೆ ಹೇಳಿ ಮಾಡಿಸಿದ ಗಿಡ. ಎರಡನೆಯದು ತಂಗಡಿ, ಆವರಿಕೆ ಎಂದೂ ಹೆಸರು. ಹಿಂದೆ ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಹಳದಿ ಹೂಗೊಂಚಲು ಕಣ್ಣಿಗೆ ಹಬ್ಬ. ಮುಳ್ಳುಬೇಲಿ ಬೇಕೆನ್ನುವವರಿಗೆ ಕವಳಿ ಇದೆ. ದಪ್ಪ, ಹೊಳೆಯುವ ಎಲೆ, ಪರಿಮಳದ ಬಿಳಿ ಹೂ, ಉಪ್ಪಿನಕಾಯಿಗೆ ಹುಳಿ ಕಾಯಿ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ಆಡೂ ಮುಟ್ಟದ ಸೊಪ್ಪು ಆಡುಸೋಗೆ! ಕಾಂಪೌಂಡ್ ಇಲ್ಲದ ಶಾಲೆಗಳಿಗೆ ಇದೇ ವರ. ಕೆಮ್ಮಿನ ಮದ್ದಿಗೆ ಇದು ಹೆಸರುವಾಸಿ. ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿಗೆ ಮೂಲ ಪ್ರೇರಣೆ ಇದರ ಎಲೆಯಲ್ಲಿರುವ ವ್ಯಾಸಿಸಿನ್. ಎಲೆ ಅಗಲವಾದ್ದರಿಂದ ಗೋಡೆಯ ನೆರಳಿರುವ ಕಡೆ ನೆಟ್ಟರೆ ಒಳ್ಳೆಯದು.

ಒಂದು ಎಚ್ಚರಿಕೆ. ಕಣಗಿಲೆಯೂ ಬರ ತಾಳುತ್ತದೆ, ವರ್ಷವಿಡೀ ಹಸಿರು. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳು ಓಡಾಡುವಲ್ಲಿ ಅದು ಬೇಡ.

ಇಷ್ಟಾದರೂ ಅನೇಕರು ಒಂದು ತಪ್ಪು ಮಾಡುತ್ತಾರೆ. ಬರ ತಾಳುವ ಗಿಡವೆಂದು ನೆಟ್ಟ ದಿನದಿಂದಲೇ ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ಬರ ತಾಳುವ ಶಕ್ತಿ ಇರುವುದು ಆಳಕ್ಕಿಳಿದ ಬೇರಿನಲ್ಲಿ. ಎಳೆ ಸಸಿಗೆ ಅಂಥ ಬೇರು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಮುಂಗಾರಿನ ಮೊದಲ ಮಳೆಗೇ ನೆಡಬೇಕು. ಕುಂಡದಲ್ಲಿ ಬೇರು ಸುರುಳಿ ಸುತ್ತಿದ ದೊಡ್ಡ ಗಿಡಕ್ಕಿಂತ ಚಿಕ್ಕ ಸಸಿಯೇ ಲೇಸು. ಬುಡಕ್ಕೆ ಒಣ ತರಗೆಲೆ ಮುಚ್ಚಿ, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಪಾತ್ರೆ, ತರಕಾರಿ ತೊಳೆದ ನೀರಾದರೂ ಸರಿ, ಸೋಪು ಹೆಚ್ಚಿರಬಾರದು ಅಷ್ಟೆ.

ನರ್ಸರಿಯಲ್ಲಿ ಸಿಗದಿದ್ದರೆ ಬಂದರಿಕೆಯ ರೆಕ್ಕೆಕಾಯಿಗಳನ್ನು ಮಕ್ಕಳೇ ಆರಿಸಿ ತರಬಹುದು. ಬೀಜವನ್ನು ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಸಿದರೆ ಮೊಳಕೆ ಸುಲಭ.

ಶಾಲೆಯ ಹತ್ತಿರ ಇರುವ ಎಂಟು ಮನೆಗಳು ರಜೆಯಲ್ಲಿ ವಾರಕ್ಕೊಬ್ಬರಂತೆ ಸರದಿ ಹಂಚಿಕೊಂಡರೆ ಸಾಕು, ಮೊದಲ ಬೇಸಿಗೆ ದಾಟುತ್ತದೆ. ಮುಂದಿನ ಬೇಸಿಗೆಗಳನ್ನು ಗಿಡವೇ ನೋಡಿಕೊಳ್ಳುತ್ತದೆ.